ಹೊಸ ಪ್ರೊಸೆಸರಿಗೆ ಬಿದ್ದ ಕಣ್ಣು

ದಾನಮ್ಮನ ಕಂಪ್ಯೂಟರನ್ನು ಬಿಚ್ಚಿ, ಅದನ್ನು ಬೇಗ ಓಡಿಸುತ್ತಿದ್ದ ಎಸ್‌ಎಸ್‌ಡಿಯನ್ನೂ ಗ್ರಾಫಿಕ್ಸ್ ಕಾರ್ಡನ್ನೂ ತೆಗೆದು ಪಕ್ಕದ ಮೇಜಿನ ಯಶ್ವಂತನ ಕಂಪ್ಯೂಟರಿಗೆ ಹಾಕಿದರು. ಅಂದು ಭಾನುವಾರ. ಅವಳಿಗೆ ಯಾರೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಸ್ವಿಚ್ ಒತ್ತಿ ಕಾದಳು. ಬ್ಯಾಗ್ ಇಟ್ಟಳು, ನೀರು ಕುಡಿದಳು, ಕೆಳಗಿಳಿದು ಎಂಬ್ರಾಯ್ಡರಿ ಮಿಷನ್ನಿನ ಹುಡುಗಿಯರನ್ನು ಮಾತಾಡಿಸಿ ಬಂದಳು. ತೆರೆಯ ಮೇಲೆ ಚುಕ್ಕಿಗಳು ಇನ್ನೂ ಸುತ್ತುತ್ತಲೇ ಇದ್ದವು.

"ಸಾರ್, ಇದಕ್ಕ ಏನಾಗೇತ್ರಿ?"

ಕಾಮಾಕ್ಷಿಪಾಳ್ಯದ ಆ ಎಂಬ್ರಾಯ್ಡರಿ ಘಟಕದ ಯಜಮಾನ ನಂಜುಂಡಪ್ಪ ಫೋನಿನಿಂದ ತಲೆ ಎತ್ತಲಿಲ್ಲ. "ಯಶ್ವಂತನ ಸಿಸ್ಟಮ್ ಅಪ್‌ಗ್ರೇಡ್ ಮಾಡಿಸ್ದೆ ಕಣಮ್ಮ. ಹೊಸ ಜನರೇಶನ್ ಪ್ರೊಸೆಸರ್ರು. ಅದು ಹಳೇ ಬೋರ್ಡಲ್ಲಿ ಕೂರಲ್ವಂತೆ, ಬೋರ್ಡ್ ತಗೊಂಡೆ. ಆ ಬೋರ್ಡಿಗೆ ಹಳೇ ರ್ಯಾಮ್ ಆಗಲ್ವಂತೆ, ಅದನ್ನೂ ತಗೊಂಡೆ. ಇನ್ನೆಷ್ಟು ಅಂತ ತಗೊಳ್ಳಲಿ? ಉಳಿದಿದ್ದು ನಿಂದ್ರಲ್ಲಿ ಇತ್ತು. ಅವನ ಹಳೇ ಹಾರ್ಡ್ ಡಿಸ್ಕ್ ನಿಂಗೆ ಹಾಕ್ಸಿದೀನಲ್ಲ."

"ಮತ್ತ ನನ್ನ ಕೆಲಸ?"

"ನೀನು ಹೆಂಗೋ ನಿಭಾಯಿಸ್ತೀಯ. ಅವನಿಗೆ ತಾಳ್ಮೆ ಇಲ್ಲ."

ತಾಳಿಕೊಂಡವರಿಗೆ ಸಿಗುವ ಬಹುಮಾನ ಇನ್ನಷ್ಟು ತಾಳಿಕೊಳ್ಳುವುದು. ಇಬ್ಬರದೂ ಒಂದೇ ಕೆಲಸ: ರವಿಕೆಯ ಚಿತ್ರವನ್ನು ತೆರೆಯ ಮೇಲೆ ಬಿಡಿಸಿ, ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಒಂದೊಂದು ಹೊಲಿಗೆಗೂ ದಾರಿ ಹಾಕಿಕೊಡುವುದು. ಆದರೆ ಯಶ್ವಂತ ನಂಜುಂಡಪ್ಪನ ಅಕ್ಕನ ಮಗ. ಘಟಕ ನಿಂತಿರುವ ನೆಲ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ದಾನಮ್ಮ ಕೊಪ್ಪಳದ ಕಡೆಯವಳು, ನಂದಿನಿ ಲೇಔಟಿನಲ್ಲಿ ಬಾಡಿಗೆಗೆ ಇರುವವಳು.

ಯಶ್ವಂತ ಕೆಲಸಗಳ್ಳನಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕೆಲಸ ಬಲ್ಲವನು. ಟೀ ತರಿಸಿದರೆ "ದಾನಮ್ಮಕ್ಕ, ತಗೊಳ್ಳಿ" ಎಂದು ಅವಳ ಮುಂದೂ ಒಂದು ಲೋಟ ಇಡುವವನು. ಆ ಒಳ್ಳೆಯತನ ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಿನಂತಿತ್ತು.

ಅವನ ಹೊಸ ಕ್ಯಾಬಿನೆಟ್ಟಿಗೆ ಗಾಜಿನ ಬದಿ, ಒಳಗೆ ಬಣ್ಣ ಬದಲಿಸುವ ಫ್ಯಾನು. ಹೊಸ ಬೈಕಿಗೆ ಇಡುವಂತೆ ಅದಕ್ಕೂ ಅರಿಶಿನ ಕುಂಕುಮ ಇಟ್ಟಿದ್ದರು. ಗಾಜಿನಾಚೆ ದಾನಮ್ಮನ ಕಾರ್ಡು ಕಾಣುತ್ತಿತ್ತು. ತನ್ನ ಓಲೆ ಬೇರೆಯವರ ಕಿವಿಯಲ್ಲಿ ತೂಗುವುದನ್ನು ನೋಡಿದ ಹಾಗೆ ಅವಳು ನೋಡುತ್ತಿದ್ದಳು. ಅವನು ಮೌಸ್ ಒತ್ತುವುದೇ ತಡ, ಸಾವಿರಾರು ಹೊಲಿಗೆಗಳು ಸರಸರನೆ ತೆರೆಯ ಮೇಲೆ ತುಂಬಿಕೊಳ್ಳುತ್ತಿದ್ದವು. ಅವಳ ತೆರೆಯಲ್ಲಿ ಒಂದು ಎಲೆ ಮೂಡಲು ಆಕಳಿಕೆ ಬರುವಷ್ಟು ಹೊತ್ತು. ಅವಳು ಕುರ್ಚಿ ತಿರುಗಿಸಿಕೊಂಡು ಕೂತಳು. ಆ ಬಣ್ಣದ ಬೆಳಕು ಎದುರಿನ ಗೋಡೆಯ ಮೇಲೂ ಬಿತ್ತು.

ಮಾರೇನಹಳ್ಳಿಯ ಬುಟೀಕಿನ ಮದುವೆ ರವಿಕೆಗಳು ಯಾವಾಗಲೂ ಅವಳ ಪಾಲಿನ ಕೆಲಸವಾಗಿದ್ದವು. ಅವು ಅವನ ಮೇಜಿಗೆ ಹೋದವು. ಅವಳಿಗೆ ಹೋಟೆಲಿನವರ ಟೀ ಶರ್ಟಿನ ಮೇಲೆ ಹೆಸರು ಬರೆಯುವುದು ಉಳಿಯಿತು. ಒಂದು ದಿನ ನಂಜುಂಡಪ್ಪ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಒಂದು ಸಿಸ್ಟಮ್ಮೇ ಎರಡರ ಕೆಲಸ ಮಾಡ್ತಿದೆ ಗುರು. ಆ ಹೆಂಗಸನ್ನ ಕೆಳಗೆ ದಾರ ಕತ್ತರಿಸೋಕೆ ಹಾಕಿದ್ರಾಯ್ತು."

ಸುಟ್ಟುಹೋಗಲಿ, ಎಂದುಕೊಂಡಳು ದಾನಮ್ಮ. ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ದಿನವೂ ಅಂದುಕೊಂಡಳು.

ಶುಕ್ರವಾರ ಹೊಸ ಕಂಪ್ಯೂಟರ್ ತಾನಾಗಿ ಆರಿಹೋಯಿತು. ಹಚ್ಚಿದರೆ ಮತ್ತೆ ಆರಿತು. ದಾನಮ್ಮ ತನ್ನ ಕುರ್ಚಿಯನ್ನು ಮತ್ತೆ ಆ ಕಡೆಗೆ ತಿರುಗಿಸಿಕೊಂಡಳು.

"ಹೀಟ್ ಆಗ್ತಿದೆ ಮಾವ," ಎಂದ ಯಶ್ವಂತ. "ಪ್ರೊಸೆಸರ್ ಮೇಲೆ ಕೂಲರ್ ಸರಿಯಾಗಿ ಕೂರ್ಸಿಲ್ಲ ಅನ್ಸತ್ತೆ. ಜೋಡಿಸಿದ ದುಂಡೇಶಂಗೆ ಫೋನ್ ಮಾಡಿದೀನಿ, ಸಂಜೆ ಬರ್ತಾನೆ."

ಅಷ್ಟರಲ್ಲಿ ಮೇಲಿನ ಮನೆಯಿಂದ ನಂಜುಂಡಪ್ಪನ ತಾಯಿ ಅಕ್ಕಯ್ಯಮ್ಮ ಇಳಿದು ಬಂದರು. ಕೈಯಲ್ಲಿ ತಟ್ಟೆ, ಅದರಲ್ಲಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ.

"ಅದು ದಿಷ್ಟಿ ಕಣೋ. ನಿನ್ನ ಕೂಲರ್ರು ಏನ್ ಮಾಡತ್ತೆ?"

ಕ್ಯಾಬಿನೆಟ್ಟಿನ ಸುತ್ತ ನಿವಾಳಿಸಿದರು. ಆಮೇಲೆ ದಾನಮ್ಮನ ಕುರ್ಚಿಯ ಪಕ್ಕ ಬಂದು ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತರು.

"ಕಾಲು ಒಂಚೂರು ಎತ್ತಮ್ಮ."

"ಯಾಕ್ರಿ ಅಮ್ಮಾರ?"

"ನಿನ್ನ ಕಾಲಡಿ ಧೂಳು ಒಂದು ಚಿಟಿಕೆ ಬೇಕು. ಇದ್ರ ಜೊತೆ ಸುಟ್ಟುಬಿಡ್ತೀನಿ. ಸುಮ್ನೆ, ಒಂದು ಶಾಸ್ತ್ರಕ್ಕೆ."

"ಯಶ್ವಂತಂದು ತಗೊಂಡ್ರೇನ್ರಿ?"

"ಅವನ ವಸ್ತುಗೆ ಅವನ ಕಣ್ಣೇ ಬೀಳತ್ತಾ?"

"ನನ್ನ ಕಣ್ಣೂ ನನ್ನ ಸಾಮಾನಿಗೇ ಬಿದ್ದೈತ್ರಿ. ಅದ್ರಾಗ ನನ್ನ ಕಾರ್ಡ್ ಐತಿ."

ನಂಜುಂಡಪ್ಪ ಎದ್ದು ಬಂದ. "ಏ ದಾನಮ್ಮ, ವಯಸ್ಸಾದೋರು ಕೇಳ್ತಿದಾರೆ. ಎತ್ತಿದ್ರೆ ನಿನ್ನ ಗಂಟೇನು ಹೋಗತ್ತೆ? ಹೊಟ್ಟೆಕಿಚ್ಚು ಇಲ್ಲ ಅಂದ್ಮೇಲೆ ಯಾಕೆ ಹೆದರ್ತೀಯ?"

"ಹೊಟ್ಟಿಕಿಚ್ಚು ಐತ್ರಿ. ಇಲ್ಲ ಅಂದೋರ್ಯಾರು? ಕಸ್ಗೊಂಡೋರಿಗೆ ಉರಿಯಂಗಿಲ್ಲ, ಕಳಕೊಂಡೋರಿಗೆ ಉರೀತೈತಿ."

"ಅಜ್ಜಿ, ಬಿಡಿ," ಎಂದ ಯಶ್ವಂತ, ಕೀಬೋರ್ಡಿಗೆ ಹೇಳುವಂತೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಎರಡನೆಯ ಸಲ ಹೇಳಲಿಲ್ಲ.

"ನೋಡು, ಎತ್ತಲ್ಲ ಅಂದ್ರೆ ಈ ಸೀಟು ಇವತ್ತಿಗೆ ಮುಗೀತು. ನಾಳೆಯಿಂದ ಕೆಳಗೆ ದಾರ ಕತ್ತರಿಸ್ಕೊಂಡು ಕೂತ್ಕೊ," ಎಂದ ನಂಜುಂಡಪ್ಪ. "ಎತ್ತು ಕಾಲು."

ಅಕ್ಕಯ್ಯಮ್ಮನ ಬೆರಳು ಅವಳ ಹಿಮ್ಮಡಿಯ ಹತ್ತಿರ ಬಂದು ಕಾಯುತ್ತಿತ್ತು. ದಾನಮ್ಮ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಬರಿಯ ಪಾದಗಳೆರಡನ್ನೂ ಬೆರಳು ಬಿಳಿಚಿಕೊಳ್ಳುವಷ್ಟು ಬಲವಾಗಿ ನೆಲಕ್ಕೆ ಒತ್ತಿದಳು.

"ಎತ್ತಂಗಿಲ್ರಿ."