ಹೊಸ್ತಿಲಾಚೆಯ ಗೊಂಬೆ

ನಮ್ಮಜ್ಜಿಯ ಕಥೆಗಳಲ್ಲಿ ರಾಣಿಯರೆಲ್ಲ ಮರದವರು. ಅವರಲ್ಲಿ ದೊಡ್ಡವಳು ಪಟ್ಟದ ರಾಣಿ. ವರ್ಷವೆಲ್ಲ ಹಳೇ ಪಂಚೆ ಸುತ್ತಿಕೊಂಡು ಟ್ರಂಕಿನೊಳಗೆ ರಾಜನ ಪಕ್ಕ ಮಲಗಿರುವಳು. ನವರಾತ್ರಿಯ ಪಾಡ್ಯದ ದಿನ ಕಣ್ಣುಜ್ಜಿಕೊಂಡು ಎದ್ದು, ಮೆಟ್ಟಿಲ ಮೇಲೆ ಕೂತ ಕೂಡಲೇ ಕೇಳುವಳು, "ನನ್ನ ಮಕ್ಕಳೆಲ್ಲಿ?" ಅಂತ. ಆ ಮಾತು ಗಾಳಿಯಲ್ಲಿ ಮೈಸೂರಿನ ಬೀದಿಬೀದಿಗೆಲ್ಲ ಹೋಗುವುದು. ಮಕ್ಕಳು ಮುಖ ತೊಳೆದುಕೊಂಡು ಹೊರಡುವರು. ಬಾಗಿಲ ಮುಂದೆ ನಿಂತು "ಗೊಂಬೆ ಕೂರ್ಸಿದೀರಾ?" ಅಂದರೆ ಸಾಕು, ಎಂಥ ಬಾಗಿಲೂ ತೆರೆದುಕೊಳ್ಳುವುದು. ಒಳಗೆ ರಾಣಿ ಕೈತುಂಬ ಚರ್ಪು ಕೊಡುವಳು: ಕಡಲೆಕಾಳಿನ ಉಸಲಿ, ಕೊಬ್ಬರಿ ಮಿಠಾಯಿ, ಅದೃಷ್ಟವಿದ್ದರೆ ಪುಳಿಯೋಗರೆ.

"ಹಬ್ಬ ಮುಗಿಯೋವರೆಗೂ ನಮಗೆಲ್ಲ ರಾಣಿ ಮನೆ ಊಟ," ಎನ್ನುತ್ತಿದ್ದಳು ಅಜ್ಜಿ.

ಮಿಕ್ಕ ದಿನಗಳಲ್ಲಿ ಯಾರ ಮನೆ ಊಟ ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿಗೆ ತಂದೆ ಇರಲಿಲ್ಲ, ವಠಾರದ ಹಿಂದಿನ ಒಂಟಿ ಕೋಣೆಯಲ್ಲಿ ನಾಲ್ಕು ಹೆಣ್ಣುಮಕ್ಕಳನ್ನಿಟ್ಟುಕೊಂಡು ಅವಳ ತಾಯಿ ಕಂಡವರ ಮನೆಯ ಹಪ್ಪಳ ಒತ್ತುತ್ತಿದ್ದಳು ಎಂಬುದೆಲ್ಲ ನಾನು ದೊಡ್ಡವಳಾದ ಮೇಲೆ ಅಮ್ಮ ಹೇಳಿ ತಿಳಿದದ್ದು. ಆದರೆ ಅಜ್ಜಿಯ ಕಥೆಯಲ್ಲಿ ಅವಳು ಬೇಡಲು ಹೋದವಳಲ್ಲ. ರಾಣಿ ಹೇಳಿಕಳಿಸಿದ್ದಳು, ಹೋಗಿದ್ದಳು, ಅಷ್ಟೆ.

ಈ ಕಥೆಯನ್ನು ನಾನು ಅಮೆರಿಕದ ರಾಲಿಯಲ್ಲಿ ಮೈಥಿಲಿ ಆಂಟಿಗೆ ಹೇಳಿದ್ದು ಡ್ರೈಯರಿನಿಂದ ತೆಗೆದ ಬಟ್ಟೆ ಮಡಿಸುತ್ತಾ. ಮೈಥಿಲಿ ಆಂಟಿ ನಮ್ಮಮ್ಮನ ಕಡೆಯಿಂದ ದೂರದ ಸಂಬಂಧ. ಇಲ್ಲಿ ಎಂ.ಎಸ್. ಓದಲು ಬಂದ ನನಗೆ ಗ್ಯಾರೇಜಿನ ಮೇಲಿನ ರೂಮು ಕೊಟ್ಟವರು. ಏರ್‌ಪೋರ್ಟಿಗೆ ಬಂದಾಗ ಫ್ಲಾಸ್ಕಿನಲ್ಲಿ ಬಿಸಿ ಸಾರು ತಂದಿದ್ದವರು. ಕಥೆ ಮುಗಿಯುವಷ್ಟರಲ್ಲಿ ಗಂಡ ಗುರುದತ್ ಅಂಕಲ್ಲರ ಶರ್ಟಿನಲ್ಲೇ ಕಣ್ಣೊರೆಸಿಕೊಂಡರು. "ಎಷ್ಟು ಪವರ್‌ಫುಲ್ ಆಗಿದೆ ಕಣೇ ಸ್ಮಿತಾ," ಎಂದರು. ಆ ಕಣ್ಣೀರು ನಿಜವಾದದ್ದು. ಅದೇ ನನ್ನ ಕಷ್ಟ. ಅವರು ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಪಾಡ್ಯದ ದಿನ ಕ್ಯಾಂಪಸ್ಸಿನ ಕೆಲಸ ಮುಗಿಸಿ ಬಂದಾಗ ಲಿವಿಂಗ್ ರೂಮಿನಲ್ಲಿ ಗೊಂಬೆ ಕೂರಿಸಿ ಆಗಿತ್ತು. ಬಿಳಿ ಬಟ್ಟೆ ಹಾಸಿದ ಮೆಟ್ಟಿಲುಗಳು, ಮೇಲೆ ಪಟ್ಟದ ರಾಜ ರಾಣಿ, ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟಿ ಶೆಟ್ಟಮ್ಮ, ಎಲ್ಲರೂ ಇದ್ದರು. ಆಂಟಿಗೆ ಪ್ರತಿವರ್ಷ ಒಂದು ಥೀಮ್ ಬೇಕು. ಈ ವರ್ಷದ ಥೀಮನ್ನು ಚಿನ್ನದ ಬಣ್ಣದಲ್ಲಿ ಬರೆದು ನಿಲ್ಲಿಸಿದ್ದರು: 'ಬಡತನದಿಂದ ಬೆಳಕಿಗೆ'. ಊರಿನ ಶಾಲೆಗಳ ಬಡ ಮಕ್ಕಳಿಗೆ ಸ್ಕೂಲ್ ಬ್ಯಾಗ್ ಕಳಿಸುವ ಅವರ ಗುಂಪಿಗೆ ಇದರಿಂದ ದೇಣಿಗೆ ಎತ್ತುವುದೂ ಇತ್ತು.

ಕೆಳಗಿನ ಮೆಟ್ಟಿಲಲ್ಲಿ ರಟ್ಟಿನ ಮನೆಯೊಂದರ ಮುಂದೆ ಒಬ್ಬಳು ಹುಡುಗಿ ನಿಂತಿದ್ದಳು. ಕ್ರಾಫ್ಟ್ ಅಂಗಡಿಯಿಂದ ತಂದ ಗೊಂಬೆ. ಮೈಗೆ ಕಂದು ಬಣ್ಣ ಬಳಿದು, ಲಂಗದ ಅಂಚನ್ನು ಕತ್ತರಿಯಿಂದ ಚಿಂದಿ ಮಾಡಿ, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಕೊಳೆ ಬರಿಸಿದ್ದರು. ಬಲಗೈ ಮುಂದಕ್ಕೆ ಚಾಚಿತ್ತು. ಪಕ್ಕದ ಕಾರ್ಡಿನಲ್ಲಿ 'ಇದು ನಿಜ ಕಥೆ' ಎಂದಿತ್ತು.

"ನಿಮ್ಮಜ್ಜಿ!" ಎಂದರು ಆಂಟಿ, ಹುಟ್ಟುಹಬ್ಬದ ಉಡುಗೊರೆ ಬಿಚ್ಚಿ ತೋರಿಸುವವರ ಹಾಗೆ. "ಹೇಗಿದೆ?"

"ಆಂಟಿ, ಇದನ್ನ ತೆಗೆದುಬಿಡೋಣ," ಎಂದೆ.

"ಏನು, ಚೆನ್ನಾಗಿಲ್ವಾ?"

"ಅಜ್ಜಿ ಹೀಗೆ ಕೈ ಚಾಚ್ತಿರಲಿಲ್ಲ. ಅವಳು ಭಿಕ್ಷೆ..."

"ಅಯ್ಯೋ, ಭಿಕ್ಷೆ ಅಂತ ಯಾರೇ ಅಂದ್ರು? ಇಟ್ ಈಸ್ ಸಿಂಬಾಲಿಕ್. ನೋಡಿದವರಿಗೆ ಟಚ್ ಆಗ್ಬೇಕಲ್ವಾ? ಮತ್ತೆ ಕಳಶ ಇಟ್ಟು ದೀಪ ಹಚ್ಚಾಯ್ತು. ಕೂರಿಸಿದ ಗೊಂಬೇನ ವಿಜಯದಶಮಿವರೆಗೂ ಕದಲಿಸಬಾರದು. ನಿಮ್ಮಜ್ಜಿ ಹೇಳಿಕೊಟ್ಟಿಲ್ವಾ ನಿಂಗೆ?"

ಹೇಳಿಕೊಟ್ಟಿದ್ದಳು. ನಡುವೆ ಎಬ್ಬಿಸಿದರೆ ರಾಣಿ ಮುನಿಸಿಕೊಂಡು ಟ್ರಂಕಿಗೆ ಹೋಗಿಬಿಡುತ್ತಾಳೆ ಎಂದು.

ಆಂಟಿಯ ಮಗಳು ಮಾನ್ಯಾ, ಮೂರನೇ ಕ್ಲಾಸು, ರಟ್ಟಿನ ಮನೆಯ ಮುಂದೆ ಮೊಣಕಾಲೂರಿ ಕೂತಿದ್ದಳು. "ಅಕ್ಕಾ, ಇವಳು ಯಾಕೆ ಹೊರಗೆ? ಡೋರ್ ಓಪನ್ ಆಗಲ್ಲ," ಎಂದಳು. ಉಗುರಿನಿಂದ ಕೆರೆದು ನೋಡಿದಳು. ಬಾಗಿಲು ಬರೀ ಪೇಂಟು.

"ಓಪನ್ ಆಗೋ ಹಾಗೆ ಮಾಡೋಕೆ ಟೈಮ್ ಆಗ್ಲಿಲ್ಲ ಪುಟ್ಟಾ," ಎಂದರು ಆಂಟಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಂಗೊಂದು ಸರ್ಪ್ರೈಸ್ ಇದೆ. ಶನಿವಾರ ಬೆಳಗ್ಗೆ ಎಲ್ಲರೂ ಬರ್ತಾರಲ್ಲ, ಆಗ ನಿಮ್ಮಜ್ಜೀನೇ ಚೀಫ್ ಗೆಸ್ಟ್. ವಿಡಿಯೋ ಕಾಲ್. ಅಲ್ಲಿ ಸಂಜೆ ಆಗಿರುತ್ತೆ. ನಿಮ್ಮ ತ್ಯಾಗರಾಜ ಮಾವನ ಹತ್ರ ಮಾತಾಡಿ ಅರೇಂಜ್ ಮಾಡಿದೀನಿ," ಎಂದರು.

ರೂಮಿಗೆ ಓಡಿ, ಅಲ್ಲಿ ಬೆಳಗಾಗುವವರೆಗೆ ಕಾದು ಮಾವನಿಗೆ ಫೋನು ಹಚ್ಚಿದೆ. ಏನಾದರೂ ನೆಪ ಹೇಳಿ ತಪ್ಪಿಸಿ, ಕರೆಂಟಿಲ್ಲ ಅನ್ನಿ, ಅಜ್ಜಿಗೆ ಜ್ವರ ಅನ್ನಿ, ಎಂದು ಗೋಗರೆದೆ.

"ನಿಂಗೇನು ತಲೆ ಕೆಟ್ಟಿದೆಯಾ?" ಎಂದರು ಮಾವ. "ಅಮ್ಮ ಆಗಲೇ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದಾಳೆ. ಅಮೆರಿಕದೋರು ನನ್ನನ್ನ ಗೊಂಬೆ ಆರತಿಗೆ ಕರೆದಿದಾರೆ ಅಂತ ಅಕ್ಕಪಕ್ಕದೋರಿಗೆಲ್ಲ ಹೇಳಿ ಆಯ್ತು. ಬೇಡ ಅಂತ ನೀನೇ ಹೇಳು ಹೋಗು."

ನಾನು ಹೇಳಲಿಲ್ಲ. ಹೇಗೆ ಹೇಳಲಿ? ರಾಣಿ ಮತ್ತೆ ಹೇಳಿಕಳಿಸಿದ್ದಾಳೆ ಎಂದುಕೊಂಡು ಹೊರಟು ನಿಂತವಳಿಗೆ, ಬರಬೇಡ, ಅಲ್ಲಿ ನಿನ್ನನ್ನು ಬಾಗಿಲಾಚೆ ನಿಲ್ಲಿಸಿದ್ದಾರೆ ಅನ್ನಲೇ?

ಶನಿವಾರ ಬೆಳಗ್ಗೆ ಹತ್ತಕ್ಕೆಲ್ಲ ಡ್ರೈವ್‌ವೇ ತುಂಬಿ ಕಾರುಗಳು ರಸ್ತೆಯ ಆ ತುದಿಯವರೆಗೂ ನಿಂತವು. ಒಳಗೆ ರೇಷ್ಮೆಯ ಸರಬರ, ಕುಕ್ಕರಿನ ಸೀಟಿ, ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ. ಬಂದವರೆಲ್ಲ ಕೆಳಗಿನ ಮೆಟ್ಟಿಲ ಮುಂದೆ ನಿಂತು "ಅಯ್ಯೋ ಪಾಪ" ಎನ್ನುವರು, ಫೋಟೋ ಹೊಡೆಯುವರು, ಪ್ಲೇಟು ಹಿಡಿಯುವರು.

ಊಟದ ಜತೆಗೆ ಬಡತನದ ಮಾತು ಹತ್ತಿತು. ಒಬ್ಬರು ಆಂಟಿ ಹೋದ ವರ್ಷ ಬೆಂಗಳೂರಿಗೆ ಹೋಗಿದ್ದಾಗ ಸಿಗ್ನಲ್ಲಿನಲ್ಲಿ ಪೆನ್ನು ಮಾರುವ ಮಗುವನ್ನು ನೋಡಿ ಎರಡು ದಿನ ನಿದ್ದೆ ಮಾಡಿರಲಿಲ್ಲವಂತೆ.

"ಪೆನ್ನು ತಗೊಂಡ್ರಾ?" ಎಂದೆ.

"ಇಲ್ಲಪ್ಪ, ಎ.ಸಿ. ಹಾಕಿದ್ವಿ, ಗ್ಲಾಸ್ ಇಳಿಸೋಕಾಗ್ಲಿಲ್ಲ."

ಧಾರವಾಡ ಕಡೆಯ ಡಾಕ್ಟರು ಶಶಿಕಾಂತ್ ಅಂಕಲ್ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಬಡತನ ಅನ್ನೂದು ಮನಸ್ಸಿನ್ಯಾಗ ಇರ್ತದ ನೋಡ್ರಿ. ಮೈಂಡ್‌ಸೆಟ್ ಬದಲಾಗಬೇಕು," ಎಂದರು.

"ಹೊಟ್ಟೇಲಿರಲ್ವಾ ಅಂಕಲ್?"

"ಏ ತಂಗಿ, ಭಾಳ ಚೂಟಿ ಅದೀ!" ಎಂದು ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಗೋಡೆಗೆ ಗುದ್ದಿದರೆ ಕೈಯಾದರೂ ನೋಯುತ್ತದೆ. ಇವರಿಗೆ ಏನು ಹೇಳಿದರೂ ಹತ್ತಿಗೆ ಗುದ್ದಿದ ಹಾಗೆ, ಒಳಗೆ ಹೋಗಿ ಮಾಯ.

ಅಷ್ಟರಲ್ಲಿ ದೊಡ್ಡ ಟಿವಿಯಲ್ಲಿ ಒಂದು ಫ್ಯಾನು ಕಾಣಿಸಿತು, ಆಮೇಲೆ ಅಜ್ಜಿಯ ಹಣೆ. ಮಾವನ ಕೈ ಬಂದು ಫೋನು ಬಗ್ಗಿಸಿದ ಮೇಲೆ ಪೂರ್ತಿ ಅಜ್ಜಿ. ನೇರಳೆ ಬಣ್ಣದ ರೇಷ್ಮೆ ಸೀರೆ, ತಲೆಯಲ್ಲಿ ಕನಕಾಂಬರ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ತಟ್ಟನೆ ಕೈಮುಗಿದು, ಚಿಕ್ಕ ಹುಡುಗಿಯ ಗತ್ತಿನಲ್ಲಿ, "ಗೊಂಬೆ ಕೂರ್ಸಿದೀರಾ?" ಎಂದಳು.

"ಓ, ಸೋ ಕ್ಯೂಟ್!" ಎಂದು ಮನೆಯೆಲ್ಲ ಕೂಗಿತು.

ಆಂಟಿ ಫೋನು ಹಿಡಿದು ಒಂದೊಂದೇ ಮೆಟ್ಟಿಲು ತೋರಿಸತೊಡಗಿದರು. ಪಟ್ಟದ ರಾಣಿಯನ್ನು ಕಂಡು ಅಜ್ಜಿ ಕೆನ್ನೆ ತಟ್ಟಿಕೊಂಡಳು. ಶೆಟ್ಟಮ್ಮನನ್ನು ಕಂಡು "ಇವಳು ಸಣ್ಣ ಆಗಿದಾಳಲ್ಲಮ್ಮ, ಅಮೆರಿಕದಲ್ಲಿ ಡಯಟ್ಟಾ?" ಎಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ಫೋನು ಇಳಿಯಿತು, ಇನ್ನೂ ಇಳಿಯಿತು.

"ಈ ಮಗು ಯಾರಮ್ಮ?" ಎಂದಳು ಅಜ್ಜಿ.

"ಗೆಸ್ ಮಾಡಿ ಅಜ್ಜಿ!" ಎಂದರು ಆಂಟಿ. ಅವರ ದನಿ ಆಗಲೇ ಒದ್ದೆಯಾಗಿತ್ತು. "ಇದು ಬೇರೆ ಯಾರೂ ಅಲ್ಲ, ಇದು..."

"ನಾನು!" ಎಂದೆ. ಪ್ಲೇಟು ಹಿಡಿದವರ ನಡುವೆ ನುಗ್ಗಿ ಕ್ಯಾಮೆರಾದ ಮುಂದೆ ನಿಂತಿದ್ದೆ. "ನಾನಜ್ಜಿ ಅದು. ನನ್ನ ಗೊಂಬೆ."

ಟಿವಿಯಲ್ಲಿ ಅಜ್ಜಿ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಗೊಂಬೆಯನ್ನು, ಆಮೇಲೆ ನನ್ನನ್ನು.

"ನೀನಾ? ಯಾಕೆ ಮಗು, ಅಲ್ಲಿ ಹೊಟ್ಟೆತುಂಬ ಊಟ ಹಾಕಲ್ವಾ ನಿಂಗೆ?"

ಯಾರೋ ಕಿಸಕ್ಕೆಂದರು. ಆಂಟಿಯ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು.

"ಹಬ್ಬದ ದಿನ ಮಗೂನ ಹೊಸ್ತಿಲಾಚೆ ನಿಲ್ಲಿಸಬಾರದು ಕಣಮ್ಮ," ಎಂದಳು ಅಜ್ಜಿ ಆಂಟಿಗೆ. ಬೈಗುಳವಲ್ಲ, ಅಡುಗೆಗೆ ಉಪ್ಪು ಕಮ್ಮಿ ಎಂದು ತಿಳಿಸುವ ಹಾಗೆ. "ಒಳಗೆ ಕರೆದು ಏನಾದ್ರೂ ಕೊಡು." ಅಷ್ಟು ಹೇಳಿ ಎಲ್ಲರಿಗೂ ಒಳ್ಳೇದಾಗಲಿ ಎಂದು ಕೈಮುಗಿದಳು. ಟಿವಿಯಲ್ಲಿ ಮತ್ತೆ ಫ್ಯಾನು ಕಂಡು ಆರಿಹೋಯಿತು.

ಆಂಟಿ ಸಾವರಿಸಿಕೊಂಡು ಮೈಕು ಹಿಡಿದರು. "ನೋಡಿದ್ರಾ? ಅಜ್ಜಿಯ ನೋವನ್ನ ಮೊಮ್ಮಗಳು ತನ್ನದೇ ನೋವು ಅನ್ಕೊಂಡಿದಾಳೆ. ದಟ್ ಈಸ್ ಎಂಪಥಿ. ಅದೇ ನಮ್ಮ ಥೀಮ್."

ಭರ್ಜರಿ ಚಪ್ಪಾಳೆ. ನನ್ನ ಸುಳ್ಳನ್ನೂ ಎತ್ತಿ ಮೆಟ್ಟಿಲ ಮೇಲೆ ಕೂರಿಸಿಯಾಗಿತ್ತು.

ಎಲ್ಲರೂ ಹೋದ ಮೇಲೆ ಆಂಟಿ ಸಿಂಕಿನ ಮುಂದೆ ಬೆನ್ನು ಹಾಕಿ ನಿಂತು ಅತ್ತರು. "ನಾನು ನಿಂಗೆ ಊಟ ಹಾಕಲ್ವೇನೇ? ಅಷ್ಟು ಜನರ ಮುಂದೆ ನನ್ನನ್ನ ಹಾಗೆ ಮಾಡಿದ್ಯಲ್ಲ." ನಾನು ಸಾರಿ ಎಂದೆ. ನಿಜವಾಗಿಯೂ ಪಾಪ ಎನ್ನಿಸಿತು. ಅವರು ಮೂಗೊರೆಸಿಕೊಂಡು ನನಗೊಂದು ತಟ್ಟೆ ಬಡಿಸಿಕೊಟ್ಟರು. ತಿಂದೆ. ಹೋಳಿಗೆ ಚೆನ್ನಾಗಿತ್ತು ಬೇರೆ, ಅದಕ್ಕೂ ಸಿಟ್ಟು ಬಂತು.

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸಿ ಆರತಿ ಮಾಡಿದರು. ಮಾರನೇ ದಿನ ಒಂದೊಂದನ್ನೇ ಹಳೇ ಟೀ ಶರ್ಟಿನಲ್ಲಿ ಸುತ್ತುವಾಗ ನಾನು ಕೆಳಗಿನ ಮೆಟ್ಟಿಲ ಹುಡುಗಿಗೆ ಕೈ ಹಾಕಿ, "ಇದನ್ನ ನಾನಿಟ್ಕೊಳ್ಲಾ ಆಂಟಿ?" ಎಂದೆ.

"ಅಯ್ಯೋ, ಮೊದಲೇ ಕೇಳಬಾರದಿತ್ತಾ? ಲಾರೆನ್ಸ್‌ವಿಲ್‌ನ ವಿದ್ಯಾವತಿ ಫೋಟೋ ನೋಡಿ ಫೋನ್ ಮಾಡಿದ್ಲು. ಅವರ ದೀಪಾವಳಿ ಪ್ರೋಗ್ರಾಂಗೆ ಬೇಕಂತೆ, ಹುಡುಗಿ, ಮನೆ, ಕಾರ್ಡು ಎಲ್ಲ. ಕೊಡ್ತೀನಿ ಅಂದುಬಿಟ್ಟಿದೀನಿ. ನಾಳೆ ಪಾರ್ಸಲ್ ಮಾಡ್ಬೇಕು."

ಆಗಲೇ ನನ್ನ ಫೋನು ಹೊಡೆದುಕೊಂಡಿತು. ಅಜ್ಜಿ. ಫೋನು ಹಿಡಿದು ನನ್ನ ರೂಮಿಗೆ ಹೋದೆ.

"ಗೊಂಬೆ ಎತ್ತಿಟ್ರಾ?"

"ಎತ್ತಿಡ್ತಿದಾರೆ ಅಜ್ಜಿ."

"ಆ ಹುಡುಗಿ ಲಂಗ..."

"ಯಾವ ಹುಡುಗಿ?"

"ಅದೇ, 'ಅದು ನಾನು' ಅಂದ್ಯಲ್ಲ. ನೀನು ಹುಟ್ಟಿದಾಗಿಂದ ಫ್ರಾಕು, ಪ್ಯಾಂಟು. ಲಂಗ ಯಾವತ್ತೇ ಉಟ್ಟಿದ್ದೆ?"

ನಾನು ರೂಮಿನ ಬಾಗಿಲು ಹಾಕಿಕೊಂಡೆ.

"ನಂದು ಹಸಿರು ಲಂಗ," ಎಂದಳು ಅಜ್ಜಿ. "ಇದ್ದದ್ದು ಅದೊಂದೇ. ಆದ್ರೆ ಹರಿದಿರಲಿಲ್ಲ. ಎಲ್ಲಾದ್ರೂ ಸೀಳಿದ್ರೆ ಅಮ್ಮ ಮಧ್ಯಾಹ್ನವೇ ಕೂತು ಹೊಲಿಯೋಳು. ಒಗೆದು, ಒಣಗಿಸಿ, ಮಡಿಸಿ, ಹಪ್ಪಳದ ಮಣೆ ಕೆಳಗಿಟ್ಟು ಇಸ್ತ್ರಿ ಮಾಡೋಳು. ಹರಕು ಉಟ್ಕೊಂಡು ನಾವು ಯಾರ ಮನೆ ಬಾಗಿಲಿಗೂ ಹೋಗಿಲ್ಲ."

"ಅವತ್ತೇ ಗೊತ್ತಾಯ್ತಾ ಅಜ್ಜಿ?"

"ಕಣ್ಣಿಗೆ ಪೊರೆ ಬಂದಿರೋದು, ಬುದ್ಧಿಗಲ್ಲ."

"ಮತ್ತೆ ಯಾಕೆ ಹಾಗಂದೆ? ನಂಗೆ ಊಟ ಹಾಕಲ್ವಾ ಅಂತ?"

"ನೀನು ಅಷ್ಟು ಅವಸರವಾಗಿ 'ನಾನು' ಅಂದೆ. ನಾಲ್ಕು ಜನರ ಮುಂದೆ ನಿನ್ನ ಮಾತು ತೆಗೆದುಹಾಕಲಾ?" ಅಲ್ಲೆಲ್ಲೋ ಕುಕ್ಕರ್ ಕೂಗಿತು. "ಅವರಿಗೆ ಬಯ್ಯಬೇಡ. ಊರಿನ ಮಕ್ಕಳಿಗೆ ಏನೋ ಕಳಿಸ್ತಾರಂತೆ, ಕಳಿಸಲಿ. ಆ ಲಂಗ ಮಾತ್ರ ಹೊಲಿದು ಹಾಕು."

ಮರುದಿನ ಪಾರ್ಸಲ್ಲಿಗೆ ಟೇಪು ಅಂಟಿಸುವ ಮುಂಚೆ ಗೊಂಬೆಯನ್ನು ಹೊರಗೆ ತೆಗೆದೆ. ಡಿಕಾಕ್ಷನ್ನಿನ ವಾಸನೆ ಇನ್ನೂ ಇತ್ತು. ಹಸಿರು ದಾರ ಸಿಕ್ಕಲಿಲ್ಲ, ಆಂಟಿಯ ಡಬ್ಬಿಯಲ್ಲಿದ್ದದ್ದು ಕಪ್ಪು, ಬಿಳಿ. ಚಿಂದಿಗಳನ್ನು ಒಂದಕ್ಕೊಂದು ಸೇರಿಸಿ, ಅಂಚು ಮಡಿಸಿ, ಬಿಳಿ ದಾರದಲ್ಲಿ ಸುತ್ತಲೂ ಹೊಲಿದೆ. ಹೊಲಿಗೆ ಸೊಟ್ಟ ಬಂತು. ಚಾಚಿದ ಕೈಯನ್ನು ಬಗ್ಗಿಸಲು ನೋಡಿದೆ, ಗಟ್ಟಿ ಪ್ಲಾಸ್ಟಿಕ್ಕು, ಬಗ್ಗಲಿಲ್ಲ.

ದೀಪಾವಳಿಯಾಗಿ ಎರಡು ದಿನಕ್ಕೆ ಆಂಟಿ ಫೋನು ಹಿಡಿದುಕೊಂಡು ನನ್ನ ರೂಮಿಗೆ ಬಂದರು. "ನೋಡೇ, ಲಾರೆನ್ಸ್‌ವಿಲ್‌ನಲ್ಲಿ ಸಿಕ್ಕಾಪಟ್ಟೆ ಹಿಟ್ ಆಯ್ತಂತೆ!" ವಿದ್ಯಾವತಿ ಆಂಟಿಯ ವಾಯ್ಸ್ ಮೆಸೇಜು ಹಾಕಿದರು: "ಮೈಥಿಲಿ, ಎಲ್ಲರೂ ಕಣ್ಣೀರು ಹಾಕ್ಬಿಟ್ರು ಕಣೇ. ಒಂದೇ ಒಂದು ಪ್ರಾಬ್ಲಂ, ಲಂಗ ಯಾರೋ ಹೊಲಿದುಬಿಟ್ಟಿದ್ರು. ಎಫೆಕ್ಟೇ ಬರ್ತಿರಲಿಲ್ಲ. ನಾವೇ ಬಿಚ್ಚಿ ಮೊದಲಿನ ಹಾಗೆ ಸರಿ ಮಾಡ್ಕೊಂಡ್ವಿ."

ಫೋಟೋದಲ್ಲಿ ಹುಡುಗಿ ನಿಂತಿದ್ದಳು. ಹರಿದ ಅಂಚಿನಿಂದ ಬಿಳಿ ದಾರದ ತುಂಡೊಂದು ಜೋತಾಡುತ್ತಿತ್ತು.

"ನೀನೇನಾ ಹೊಲಿದಿದ್ದು?" ಎಂದರು ಆಂಟಿ. ಕೋಪವಿರಲಿಲ್ಲ, ಅರ್ಥವಾಗದ ಮುಖ. "ಯಾಕೇ?"

ಹೇಳಲು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡುವುದು? ಮರದ ರಾಣಿಯಿಂದಲೇ ಶುರು ಮಾಡಬೇಕು, ಮಾಡಿದರೆ ಅವರು ಮತ್ತೆ ಅಳುತ್ತಾರೆ. "ಸುಮ್ನೆ," ಎಂದೆ.

ಆ ರಾತ್ರಿ ಅಜ್ಜಿ ಮರೆಯದೆ ಕೇಳಿದಳು.

"ಲಂಗ ಹೊಲಿದ್ಯಾ?"

"ಹೊಲಿದೆ ಅಜ್ಜಿ," ಎಂದೆ.