ಹಾಗಲಕಾಯಿ ಡಾಟ್ ಕಾಮ್

"ಇದು ನಾನೇ ತಾನೆ? ನಿಜ ಹೇಳು ರೊಸೆಂದಾ, ಇದು ನಾನೇ ಅಲ್ವಾ?"

ಊರವರೆಲ್ಲ ಮನಾಂಗ್, ಅಂದರೆ ಅಕ್ಕ, ಎಂದು ಕರೆಯುವ ಪುರಿಂಗ್ ಒಂದು ಕಾಗದವನ್ನು ರೊಸೆಂದಾಳ ಮೂಗಿಗೆ ತಾಗುವಂತೆ ಹಿಡಿದು ನಿಂತಿದ್ದಳು. ರೊಸೆಂದಾಳ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಹಂಡೆಯಲ್ಲಿ ಮೂಳೆಯ ಸಾರು ಕೊತಕೊತ ಕುದಿಯುತ್ತಿತ್ತು. ಜೀಪ್ನಿ ಡ್ರೈವರುಗಳು ಬಾಚೊಯ್ ಬಟ್ಟಲುಗಳ ಮೇಲೆ ಬಗ್ಗಿ ಶ್ಯಾವಿಗೆಯನ್ನು ಸೊರಸೊರ ಎಳೆದುಕೊಳ್ಳುತ್ತಿದ್ದರು. ಇನ್ನೂ ಬಟ್ಟಲು ಬಾರದವರು ಚಮಚದಿಂದ ಮೇಜು ಬಡಿಯುತ್ತಿದ್ದರು. ಊರ ಹಬ್ಬದ ಸಮಿತಿಗೆ ಅಧ್ಯಕ್ಷೆಯಾದ ಪುರಿಂಗ್‌ಗೆ ಅದೊಂದೂ ಕಾಣಿಸುತ್ತಿರಲಿಲ್ಲ.

ರೊಸೆಂದಾ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿ ಕೈ ಒರೆಸಿಕೊಂಡಳು. ಇಂಥದಕ್ಕೆ ಅವಳಲ್ಲಿ ಸಿದ್ಧ ಉತ್ತರವಿತ್ತು. ಗಂಡ ವೆಬ್‌ಸೈಟ್ ಶುರು ಮಾಡಿದಂದಿನಿಂದ ಹೇಳಿ ಹೇಳಿ ಬಾಯಿಪಾಠವಾಗಿತ್ತು.

"ಕ್ಷಮಿಸಿ ಮನಾಂಗ್. ಅವನಿಗೆ ತಲೆ ಸರಿಯಿಲ್ಲ. ಇವತ್ತೇ ತೆಗೆಸ್ತೀನಿ."

"ತೆಗೆಸೋದಾ? ಯಾಕೆ ತೆಗೆಸ್ತೀಯ?" ಪುರಿಂಗ್ ಕಾಗದವನ್ನು ಎದೆಗೆ ಒತ್ತಿಕೊಂಡಳು. "ನನ್ನ ಬೀಸಣಿಗೆ ಚೀನೀ ಅಂಗಡಿ ಪ್ಲಾಸ್ಟಿಕ್‌ದು ಅಂತ ಬರೆದಿದಾನೆ ನಿನ್ನ ಗಂಡ. ಇದು ಸ್ಪೇನ್‌ದು. ತಂಗಿ ತಂದುಕೊಟ್ಟಿದ್ದು. ತಗೋ, ಮೂಸಿ ನೋಡು, ಗಂಧದ ಮರ. ಅದೊಂದು ತಿದ್ದಿಸಿಬಿಡು."

"ನೀವು ಬೀಸಿದರೆ ಪೀಠದ ಮೇಲಿನ ಮೇಣದಬತ್ತಿ ಎಲ್ಲ ಆರಿಹೋಗುತ್ತೆ, ಹಿಂದಿನ ಸಾಲಿನವರಿಗೆ ನೆಗಡಿಯಾಗುತ್ತೆ ಅಂತ ಬರೆದಿರೋದು?"

"ಅದಿರಲಿ. ಅದು ಚೆನ್ನಾಗಿದೆ."

ರೊಸೆಂದಾಳಿಗೆ ಸೌಟು ಎತ್ತಿ ಎಲ್ಲಾದರೂ ಎಸೆಯಬೇಕೆನಿಸಿತು. ಯಾರ ಮೇಲೆ ಎಸೆಯಬೇಕೆಂಬುದಷ್ಟೇ ತಿಳಿಯಲಿಲ್ಲ.

ಅವಳ ಗಂಡ ಹೆನೆರೋಸೊ ಹಡಗಿನ ಟಿಕೆಟ್ ಆಫೀಸಿನಲ್ಲಿ ಕಿಟಕಿಯ ಹಿಂದೆ ಕೂರುವವನು. ಸರದಿ ತಪ್ಪಿಸಿ ನುಗ್ಗಿದವರಿಗೂ ನಗುತ್ತ ಟಿಕೆಟ್ ಹರಿದುಕೊಡುವವನು. ಒಮ್ಮೆ ಕ್ಷೌರದವನು ಕೈ ಜಾರಿ ಅರ್ಧ ಹುಬ್ಬು ಬೋಳಿಸಿದಾಗ ಥ್ಯಾಂಕ್ಸ್ ಹೇಳಿ, ಮೇಲೆ ಭಕ್ಷೀಸೂ ಕೊಟ್ಟು ಬಂದಿದ್ದ. ಇಲೊಯ್ಲೊ ಕಡೆಯವರು ಜಗಳವಾಡುವಾಗಲೂ ಲಾಲಿ ಹಾಡಿದಂತೆ ಮಾತಾಡುತ್ತಾರೆಂದು ಮನಿಲಾದವರು ಆಡಿಕೊಳ್ಳುವುದುಂಟು. ಅಂಥ ಊರಿನಲ್ಲೂ ಹೆನೆರ್ ಮೆತ್ತಗಿನ ಮನುಷ್ಯನೆಂದೇ ಹೆಸರಾಗಿದ್ದ. ಆದರೆ ಸಂಜೆ ಮನೆಗೆ ಬಂದು, ಅಕ್ಕಿ ಮೂಟೆಗಳ ಹಿಂದಿನ ಕಂಪ್ಯೂಟರಿನ ಮುಂದೆ ಕೂತನೆಂದರೆ ಅವನ ಮೈಮೇಲೆ ಬೇರೆ ಯಾರೋ ಬರುತ್ತಿದ್ದರು. ಸೈಟಿನ ಹೆಸರು ಹಾಗಲಕಾಯಿ. ತೆರೆದರೆ ಕಪ್ಪು ಪರದೆಯ ಮೇಲೆ ಕೆಂಪಕ್ಷರದಲ್ಲಿ, 'ಮರ್ಯಾದೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ' ಎಂದು ಬರುತ್ತಿತ್ತು. ಒಂದೇ ಮೋರಿಯನ್ನು ಮತ್ತೆ ಮತ್ತೆ ಉದ್ಘಾಟಿಸುವ ಮೇಯರರ ರಿಬ್ಬನ್ ಕತ್ತರಿಸುವ ಕಾಯಿಲೆ, ಪ್ರವಚನದ ಹೊತ್ತಿನಲ್ಲಿ ಗೊರಕೆ ಹೊಡೆಯುವವರಿಗೆ ರ‍್ಯಾಂಕು, ಬದುಕಿರುವವರಿಗೆ ಮುಂಗಡ ಶ್ರದ್ಧಾಂಜಲಿ, ಹೀಗೆ. ದೂರದ ಊರುಗಳಿಂದ ಯಾರಾದರೂ ಬೈದು ಬರೆದರೆ ಆ ಬೈಗುಳದ ಕಾಗುಣಿತ ತಿದ್ದಿ, ಅಂಕ ಕೊಟ್ಟು, ಅದನ್ನೂ ಅಲ್ಲೇ ಹಾಕುತ್ತಿದ್ದ. ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಂತಿಯಲ್ಲೇ ಆದ್ದರಿಂದ ಅವನು ಬರೆಯುತ್ತಿರುವಷ್ಟು ಹೊತ್ತೂ ಮನೆಯ ಫೋನು ಎಂಗೇಜು. ಊಟಕ್ಕೆ ಹೇಳಲು ಫೋನು ಮಾಡಿದವರು ಬೇಸತ್ತು ಪಕ್ಕದ ಬೀದಿಯ ಹೋಟೆಲಿಗೆ ಹೋಗುತ್ತಿದ್ದರು.

ಊರಿನವರಾದರೂ ಒಂದು ದಿನ ಬಂದು ಜಾಡಿಸಿದರೆ ಇವನ ಹುಚ್ಚು ಬಿಡುತ್ತದೆಂದು ರೊಸೆಂದಾ ಕಾದಿದ್ದಳು. ಯಾರಿಗೂ ಸಿಟ್ಟೇ ಬರಲಿಲ್ಲ. ಚರ್ಚಿನ ಎದುರಿನ ಇಂಟರ್ನೆಟ್ ಅಂಗಡಿಯವನು ಪ್ರಿಂಟ್ ತೆಗೆದು ಮಾರತೊಡಗಿದ. ತಮ್ಮ ಮೇಲೆ ಬರೆದದ್ದನ್ನು ಜನ ಮದುವೆಯ ಫೋಟೋದಂತೆ ಎತ್ತಿಟ್ಟುಕೊಂಡರು. ಬರೆಸಿಕೊಳ್ಳದವರು ಮುಖ ಊದಿಸಿಕೊಂಡರು. ಕೌನ್ಸಿಲರ್ ಒಬ್ಬ ಬಾಚೊಯ್ ತಿನ್ನುತ್ತ, "ನನ್ನ ಬಿಟ್ಟು ಮಿಕ್ಕವರ ಮೇಲೆಲ್ಲ ಬರೆದಿದಾನೆ. ಯಾಕೆ, ನಾನೇನು ಅವರಿಗಿಂತ ಕಮ್ಮಿ ಕಳ್ಳನಾ?" ಎಂದು ಗಂಭೀರವಾಗಿ ಕೇಳಿದ್ದ. ಎಲ್ಲ ದೂರುಗಳೂ ಬರುವುದು ಇವಳ ಕೌಂಟರಿಗೆ. ಹೆನೆರ್ ಆಗ ಹಿತ್ತಲಲ್ಲಿ ಕೈ ತೊಳೆಯುತ್ತಿರುತ್ತಿದ್ದ.

ಪುರಿಂಗ್ ಬೀಸಣಿಗೆ ಮಡಿಸಿ ಹೊರಟವಳು ಬಾಗಿಲಲ್ಲಿ ನಿಂತಳು. "ಆದರೂ ಕೊನ್ಸಿಂಗ್ ಮೇಲೆ ಬರೆದಿದಾನಲ್ಲ, ಅದರ ಮುಂದೆ ನಂದೇನೂ ಅಲ್ಲ ಬಿಡು. ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡ್ವಿ. ಪಾಪ, ಅವಳು ಆವತ್ತಿಂದ ಚರ್ಚಲ್ಲಿ ಹಾಡೋಕೇ ಬಂದಿಲ್ಲ."

"ಯಾವ ಕೊನ್ಸಿಂಗ್? ನಮ್ಮ ತಿಯಾ ಕೊನ್ಸಿಂಗಾ?"

"ಮತ್ತಿನ್ಯಾರು? ಎರಡನೇ ಸಾಲಲ್ಲಿ ನಿಂತು ಕಿರುಚೋರು ಇನ್ಯಾರಿದಾರೆ?"

ತಿಯಾ ಕೊನ್ಸಿಂಗ್ ಹಿಂದಿನ ಬೀದಿಯ ಮುದುಕಿ, ಊರಿಗೆಲ್ಲ ತಿಯಾ, ಅಂದರೆ ಅತ್ತೆ. ಊರ ಹುಡುಗಿಯರಿಗೆಲ್ಲ ಬಟ್ಟೆ ಹೊಲಿದುಕೊಟ್ಟು ಈಗ ಕಣ್ಣು ಮಂಜಾಗಿ ಹೊಲಿಗೆ ಬಿಟ್ಟವಳು. ಪ್ರತಿ ಭಾನುವಾರ ಪೂಜೆ ಮುಗಿಸಿ, ಗಾಯನ ತಂಡದ ಬಿಳಿ ಅಂಗಿಯಲ್ಲೇ ಬಂದು ಮೂಲೆಯ ಮೇಜಿನಲ್ಲಿ ಕೂತು, ಈರುಳ್ಳಿ ಸೊಪ್ಪು ಜಾಸ್ತಿ ಹಾಕಿಸಿಕೊಂಡು ತಿಂದುಹೋಗುವವಳು. ಆ ಮೇಜು ಕೆಲವು ವಾರಗಳಿಂದ ಖಾಲಿಯಿತ್ತು. ಮೊಣಕಾಲು ನೋವಿರಬೇಕೆಂದು ರೊಸೆಂದಾ ಅಂದುಕೊಂಡಿದ್ದಳು. ಹೋಗಿ ನೋಡಿಬರಲು ಪುರುಸೊತ್ತು ಮಾಡಿಕೊಂಡಿರಲಿಲ್ಲ.

ಸಂಜೆ ಹೆನೆರ್ ಬಂದು ಬೂಟು ಬಿಚ್ಚುವ ಮೊದಲೇ ಅವಳು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದಳು.

"ಕೂತ್ಕೋ. ತಿಯಾ ಕೊನ್ಸಿಂಗ್ ಮೇಲೆ ಬರೆದಿದೀಯಂತಲ್ಲ, ಓದು."

"ಯಾಕೆ ಈಗ? ಹೆಸರೇನೂ ಹಾಕಿಲ್ಲ ನಾನು."

"ಓದು. ಗಟ್ಟಿಯಾಗಿ."

ಹೆನೆರ್ ಗಂಟಲು ಸರಿಮಾಡಿಕೊಂಡ. "'ನಮ್ಮ ಗಾಯನ ತಂಡದ ಎರಡನೇ ಸಾಲಿನಲ್ಲಿ ತುಕ್ಕು ಹಿಡಿದ ಒಂದು ಬಾಗಿಲು ನಿಂತಿದೆ. ಅದರ ಕೀಲಿಗೆ ಎಣ್ಣೆ ಬಿಡುವ ಪುಣ್ಯಾತ್ಮರು ಈ ಊರಲ್ಲಿ ಹುಟ್ಟಿಲ್ಲ. ದೇವರು ಏಳನೇ ದಿನ ವಿಶ್ರಾಂತಿ ತೆಗೆದುಕೊಂಡನಂತೆ. ನಮ್ಮ ಊರಲ್ಲಿ ಅವನಿಗೆ ಆ ಸುಖವೂ ಇಲ್ಲ...'" ಅವನ ದನಿ ಸಣ್ಣಗಾಗುತ್ತ ಬಂತು. ನಿಲ್ಲಿಸಿದ.

"ಇನ್ನೊಂದು ಸಾಲಿದೆ."

"ಓದಿದೆನಲ್ಲ ಸೆಂದಾ."

"ನಂಗೂ ಕಣ್ಣಿದೆ. ಓದು ಅಂದ್ರೆ ಓದು."

"'ಶಿಲುಬೆಯ ಮೇಲಿರುವವನ ಕೈಗೆ...'" ಅವನು ಪರದೆಯತ್ತ ಬಾಗಿ ಗೊಣಗಿದ. "'...ಕೈಗೆ ಮೊಳೆ ಹೊಡೆದಿದ್ದಾರೆ. ಇಲ್ಲದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ.'"

ರೊಸೆಂದಾಳಿಗೆ ನಗು ಬಂದುಬಿಟ್ಟಿತು. ತುಟಿ ಕಚ್ಚಿ ಹಿಡಿದಳು. ನಗು ಬಂತೆಂಬುದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ಮೇಯರ್ ಮೇಲೆ ಬರಿ, ಪಾದ್ರಿ ಮೇಲೆ ಬರಿ, ಆ ಪುರಿಂಗ್ ಮೇಲೆ ದಿನಾ ಬರಿ. ಈ ಮುದುಕಿ ನಿಂಗೇನು ಮಾಡಿದ್ಳು?"

"ಇದು ವಿಡಂಬನೆ ಕಣೆ. ಅವರ ಮೇಲಲ್ಲ ಇದು, ಅಂಥ ಹಾಡನ್ನೂ ಸಹಿಸಿಕೊಂಡು ಚೆನ್ನಾಗಿದೆ ಅನ್ನೋ ನಮ್ಮ ಜನರ ಆಷಾಢಭೂತಿತನದ..."

"ತಿಯಾ ಎದುರಿಗೆ ಹೇಳು ಇದನ್ನ. ಹೀಗೇ, ಇಷ್ಟೇ ಉದ್ದಕ್ಕೆ."

"ಬೇಡ, ಅಳಿಸಿಬಿಡ್ತೀನಿ. ನೋಡು, ಒಂದು ಗುಂಡಿ ಒತ್ತಿದರೆ ಹೋಯ್ತು." ಅವನು ಒತ್ತಿದ. ಪರದೆ ಖಾಲಿಯಾಯಿತು. "ಆಯ್ತಲ್ಲ?"

ರೊಸೆಂದಾ ಅವನನ್ನೇ ನೋಡಿದಳು. ಇಷ್ಟು ವರ್ಷ ಓದಿದವನು, ಇಷ್ಟು ಬರೆದವನು, ಇವನಿಗೆ ಇಷ್ಟೂ ತಿಳಿಯುವುದಿಲ್ಲವೇ? "ಆ ಅಂಗಡಿಯವನು ಮಾರಿದ ಕಾಗದ ಊರೆಲ್ಲ ಇದೆ. ತಿಯಾ ಹತ್ರ ಕಂಪ್ಯೂಟರ್ ಇದೆಯಾ? ನೀನು ಅಳಿಸಿದ್ದು ಯಾರಿಗೆ ಕಾಣಿಸುತ್ತೆ? ಏಳು. ಬೂಟು ಹಾಕ್ಕೋ."

ದಾರಿಯುದ್ದಕ್ಕೂ ಅವನು ನಾಳೆ ಹೋಗೋಣ, ಅವರು ಮಲಗಿರಬಹುದು, ಬರಿಗೈಯಲ್ಲಿ ಹೇಗೆ ಹೋಗುವುದು ಎನ್ನುತ್ತಲೇ ಬಂದ. ಅವಳು ಅವನ ಅಂಗಿಯ ತೋಳನ್ನು ಬಿಡಲಿಲ್ಲ.

ತಿಯಾ ಕೊನ್ಸಿಂಗ್ ಬಾಗಿಲು ತೆರೆದು, "ಅಯ್ಯೋ, ಬನ್ನಿ ಮಕ್ಕಳೇ" ಎಂದಳು. ಸೌಮ್ಯವಾಗಿಯೇ ಹೇಳಿದಳು. ಹೊಲಿಗೆ ಯಂತ್ರದ ಮೇಲೆ ಹಾಸಿದ್ದ ಬಟ್ಟೆ ತೆಗೆದು, ಅದನ್ನೇ ಮೇಜು ಮಾಡಿ, ಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು ತಂದಿಟ್ಟಳು. ಹೋಟೆಲು ಹೇಗೆ ನಡೆಯುತ್ತಿದೆ, ಈ ಮಳೆಗಾಲದಲ್ಲಿ ಹಂದಿ ಮಾಂಸ ಒಳ್ಳೆಯದು ಸಿಗುತ್ತಿದೆಯೇ ಎಂದೆಲ್ಲ ಕೇಳಿದಳು. ಹೆನೆರ್ ಕಡುಬಿನ ಎಲೆ ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದ. ರೊಸೆಂದಾ ಅವನ ಪಾದ ತುಳಿದಳು.

"ತಿಯಾ, ನಾನು... ಆ ಬರೆದದ್ದು... ಅದನ್ನು ತೆಗೆದುಹಾಕಿದ್ದೀನಿ."

"ಗೊತ್ತಾಯ್ತು ಬಿಡು. ಯಾರೋ ಪುಣ್ಯಾತ್ಮರು ಆ ಕಾಗದಾನ ನನ್ನ ಹಾಡಿನ ಪುಸ್ತಕದೊಳಗೆ ಮಡಿಸಿಟ್ಟಿದ್ದರು." ತಿಯಾ ನೀರಿನ ಲೋಟಗಳನ್ನು ಅವರ ಕಡೆಗೆ ಸರಿಸಿದಳು. "ಆ ಮೊಳೆ ಮಾತು ಇದೆಯಲ್ಲ, ನಂಗೂ ನಗು ಬಂತು ಕಣೋ. ಒಬ್ಬಳೇ ಕೂತು ನಕ್ಕೆ."

ಹೆನೆರ್‌ನ ಮುಖ ಒಂದಿಷ್ಟು ಅರಳಿತು. ರೊಸೆಂದಾಳಿಗೆ ಅದು ಕಂಡು ಮತ್ತೊಮ್ಮೆ ತುಳಿಯಬೇಕೆನಿಸಿತು.

"ಆಮೇಲೆ ಯೋಚನೆ ಹತ್ಕೊಂತು," ಎಂದಳು ತಿಯಾ. "ಹುಡುಗಿಯಾಗಿದ್ದಾಗಿಂದ ಹಾಡ್ತಿದೀನಿ. ನಾನು ಹಾಡೋವಾಗ ಜನ ನಗ್ತಿದ್ರು. ಸಂತೋಷಕ್ಕೆ ನಗ್ತಾರೆ ಅಂದ್ಕೊಂಡಿದ್ದೆ. ಈಗ ಒಂದೊಂದೇ ಮುಖ ನೆನಪಿಸ್ಕೋತೀನಿ. ಯಾವುದು ಯಾವ ನಗು ಅಂತ ಗೊತ್ತಾಗಲ್ಲ. ರಾತ್ರಿ ಎಲ್ಲ ಅದೇ ಕೆಲಸ." ಅವಳು ಹೆನೆರ್‌ನತ್ತ ತಿರುಗಿದಳು. "ಒಂದು ಕೇಳ್ತೀನಿ. ನಿನ್ನ ಅಮ್ಮ ಹೋದಾಗ ಸೇತುವೆ ಮೇಲೆ ನೀರು ಬಂದು ತಂಡದವರು ಯಾರೂ ಬರಲಿಲ್ಲ, ನೆನಪಿದೆಯಾ? ನಾನೊಬ್ಬಳೇ ಹಾಡಿದೆ. ಆವತ್ತೂ ಹಂಗೇ ಇತ್ತಾ?"

ಇಲ್ಲ ಅನ್ನು, ರೊಸೆಂದಾ ಮನಸ್ಸಿನಲ್ಲೇ ಕಿರುಚಿದಳು. ಒಂದು ಸಲ, ಈ ಒಂದು ಸಲ ಸುಳ್ಳು ಹೇಳು ಮಾರಾಯ. ಕ್ಷೌರದವನಿಗೆ ಹೇಳಿದಂತೆ ಹೇಳು.

ಹೆನೆರ್ ಎಲೆಯನ್ನು ಕೆಳಗಿಟ್ಟ.

"ಹೌದು ತಿಯಾ. ಆವತ್ತೂ ಶ್ರುತಿ ತಪ್ಪಿತ್ತು."

ಹೊರಗೆ ಯಾರದೋ ಕೋಳಿ ಬೇಲಿಯ ಮೇಲೆ ಹಾರಿ ಕೂತಿತು.

"ಆದರೆ ನಾನು ನಗಲಿಲ್ಲ," ಎಂದ ಅವನು. "ನೀವು ನಿಲ್ಲಿಸಿಬಿಟ್ಟರೆ ಏನು ಗತಿ ಅಂತ ಹೆದರಿಕೆಯಾಗಿತ್ತು. ನಿಲ್ಲಿಸಿದರೆ ಅಮ್ಮನ ಮೇಲೆ ಮಣ್ಣು ಹಾಕ್ತಾರೆ ಅಂತ."

ತಿಯಾ ಅವನತ್ತ ಬಾಗಿ ನೋಡಿದಳು. ಅವಳ ಮಂಜುಗಣ್ಣಿಗೆ ಏನು ಕಂಡಿತೋ. "ತಿನ್ನು. ಆರಿಹೋದರೆ ಗಟ್ಟಿಯಾಗುತ್ತೆ," ಎಂದಷ್ಟೇ ಅಂದಳು. ಪರವಾಗಿಲ್ಲ ಎನ್ನಲಿಲ್ಲ. ಮುಂದಿನ ಭಾನುವಾರ ಬರುತ್ತೇನೆ ಎಂದೂ ಅನ್ನಲಿಲ್ಲ.

ಹೊರಡುವ ಹೊತ್ತಿಗೆ ಮಳೆ ಹಿಡಿದಿತ್ತು. ತಿಯಾ ಬಾಗಿಲ ಹಿಂದಿನಿಂದ ಹಳದಿ ಹೂವಿನ ಒಂದು ಕೊಡೆ ತೆಗೆದು ಹೆನೆರ್‌ಗೆ ಕೊಟ್ಟಳು. "ನೀನೇ ತಂದುಕೊಡು. ಇವಳ ಕೈಲಿ ಕಳಿಸಬೇಡ."

ಕೊಡೆ ಒಬ್ಬರಿಗೇ ಸಾಲದಷ್ಟು ಚಿಕ್ಕದು. ಅವನು ಅದನ್ನು ಪೂರ್ತಿ ಅವಳ ಮೇಲೆ ಹಿಡಿದು ತಾನು ತೊಯ್ಯುತ್ತ ನಡೆದ. ಅರ್ಧ ದಾರಿಗೆ ಬಂದಾಗ, "ಈ ಕೊಡೆ ಮೇಲೆ ಒಂದು ಒಳ್ಳೇ..." ಎಂದು ಬಾಯಿ ತೆರೆದ. ರೊಸೆಂದಾ ನಿಂತು ಅವನ ಮುಖ ನೋಡಿದಳು. ಅವನು ಬಾಯಿ ಮುಚ್ಚಿದ.

ಆ ವಾರವೆಲ್ಲ ಫೋನು ಎಂಗೇಜಾಗಲಿಲ್ಲ. ಜನ ಬಂದು ಹೊಸದೇನು, ಯಾರ ಮೇಲೆ ಎಂದು ಕೇಳಿದರು. ಬೀಸಣಿಗೆ ಇನ್ನೂ ಪ್ಲಾಸ್ಟಿಕ್ಕಾಗಿಯೇ ಇದೆಯೆಂದು ಪುರಿಂಗ್ ಮತ್ತೆ ಬಂದು ಹೋದಳು. ಹೆನೆರ್ ಪ್ರತಿ ಸಂಜೆ ಕೊಡೆಯನ್ನು ತೆಗೆದುಕೊಂಡು ಹೊರಟು, ಬೀದಿಯ ತಿರುವಿನವರೆಗೆ ಹೋಗಿ, ನಾಳೆ ಹೋಗ್ತೀನಿ ಎನ್ನುತ್ತ ವಾಪಸು ಬರುತ್ತಿದ್ದ. ಭಾನುವಾರ ಬೆಳಗ್ಗೆ ರೊಸೆಂದಾ ಮಾತಾಡದೆ ಅವನನ್ನೂ ಕೊಡೆಯನ್ನೂ ಬಾಗಿಲಾಚೆ ದಬ್ಬಿ, ಕದ ಹಾಕಿಕೊಂಡಳು.

ಪೂಜೆ ಬಿಟ್ಟು ಜನ ಹೋಟೆಲಿಗೆ ನುಗ್ಗಿದರು. ಬಟ್ಟಲುಗಳು ಸಾಲದಾದವು. ತೊಳೆಯಬೇಕಾದವನು ಇನ್ನೂ ಬಂದಿಲ್ಲ. ಕೊಡೆ ಕೊಟ್ಟು ಬರಲು ಎಷ್ಟು ಹೊತ್ತು? ಎಲ್ಲಿ ಅಡಗಿ ಕೂತಿದ್ದಾನೋ. ಸೌಟನ್ನು ಪಕ್ಕದ ಮೇಜಿನ ಹೆಂಗಸಿನ ಕೈಗೆ ಕೊಟ್ಟು, ಏಪ್ರನ್ ಸಮೇತ ಅವಳು ಬಿರುಸಿನಿಂದ ಹಿಂದಿನ ಬೀದಿಗೆ ನಡೆದಳು. ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

ಹೆನೆರ್ ತಿಯಾಳ ಬೇಲಿಯ ಹೊರಗೆ ನಿಂತಿದ್ದ. ಮಡಿಸಿದ ಕೊಡೆ ಕಂಕುಳಲ್ಲಿತ್ತು. ತಲೆ ತುಸು ಬಗ್ಗಿತ್ತು. ಒಳಗೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು, ಪಾತ್ರೆಯ ಸದ್ದು, ಅವುಗಳ ನಡುವೆ ಒಂದು ದನಿ. ರೊಸೆಂದಾಳ ಚಪ್ಪಲಿಯ ಸಪ್ಪಳಕ್ಕೆ ಅವನು ತಿರುಗಲಿಲ್ಲ, ಒಂದು ಕೈಯನ್ನಷ್ಟೇ ಹಿಂದಕ್ಕೆ ಚಾಚಿ ತಡೆಯೆಂದು ತೋರಿಸಿದ.

ಅವಳು ನಿಂತಳು. ಒಳಗಿನ ದನಿ ಮೇಲಿನ ಸ್ವರಕ್ಕೆ ಏರಿತು, ಎಟುಕಲಿಲ್ಲ, ಮುರಿಯಿತು. ನಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಆ ಸಾಲನ್ನು ಮೊದಲಿಂದ ಮತ್ತೆ ಎತ್ತಿಕೊಂಡಿತು.