ಜೇನುಬಂಡೆಯ ಕೆಳಗಿನ ಸನ್ಮಾನ

ಪುಟ್ಟೇನಹಳ್ಳಿಯ ಚಿಕ್ಕಬೈರಪ್ಪನಿಗೆ ಪಟಾಕಿ ಸಿಡಿಸದೆ ಯಾವ ಕೆಲಸವೂ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಪಟಾಕಿ, ರಾಗಿ ಹೊಲ ಸೈಟುಗಳಾಗಿ ಮಾರಾಟವಾದರೆ ಪಟಾಕಿ, ದಾಯಾದಿ ಕೋರ್ಟಿನಲ್ಲಿ ಸೋತರೆ ಅವನ ಮನೆಯ ಬಾಗಿಲಲ್ಲೇ ಒಂದು ಸರ. ಊರವರು ಇದನ್ನು ದೊಡ್ಡಸ್ತಿಕೆ ಎನ್ನುತ್ತಿದ್ದರು. ನನ್ನನ್ನು ಕೇಳಿದರೆ ಬರೀ ಕೊಬ್ಬು. ಕೊಬ್ಬಿದ್ದವನು ತಾನೊಬ್ಬನೇ ಹಾಳಾದರೆ ಚಿಂತೆಯಿಲ್ಲ, ಆದರೆ ಹಾಗೆ ಆಗುವುದು ಕಡಿಮೆ.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಊರಿನ ಗೆಳೆಯರ ಬಳಗ ಭಾನುವಾರಗಳಂದು ಹದ್ದಿನಗುಂಡು ಬೆಟ್ಟಕ್ಕೆ ನಡಿಗೆ ಇಟ್ಟುಕೊಂಡಿತ್ತು. ಬೆಟ್ಟದ ಬುಡದವರೆಗೆ ಬಾಡಿಗೆ ವ್ಯಾನು, ಅಲ್ಲಿಂದ ಹಳೇ ಮೆಟ್ಟಿಲು, ಮೇಲೆ ಪುಟ್ಟ ಉದ್ಯಾನ. ಅಲ್ಲಿ ಗಂಡಸರಿಗೆ ಹಗ್ಗಜಗ್ಗಾಟ, ಹೆಂಗಸರಿಗೆ ಕುಂಟೆಬಿಲ್ಲೆ, ಎಲ್ಲರಿಗೂ ಚಿತ್ರಾನ್ನ ಮಜ್ಜಿಗೆ. ಬಳಗದ ಅಧ್ಯಕ್ಷ ಚಿಕ್ಕಬೈರಪ್ಪ. ಮುಂದೆ ನಿಂತು ದಾರಿ ತೋರಿಸುತ್ತಿದ್ದವನು ಯಲಹಂಕದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಹಬೀಬುಲ್ಲಾ. ಬೆಟ್ಟ ಹತ್ತುವುದು ಅವನ ಹುಚ್ಚು. ಅಂಗಡಿಗೆ ಬಂದವರ ಸೈಕಲ್ ಬಿಚ್ಚಿಟ್ಟು ಬೆಟ್ಟಕ್ಕೆ ಹೋಗಿಬಿಡುತ್ತಾನೆಂದು ಅವನ ಹೆಂಡತಿ ಮಲ್ಕಾ ಬೈಯುತ್ತಿದ್ದಳು.

ಉದ್ಯಾನದ ನೆತ್ತಿಗೆ ಚಾಚಿಕೊಂಡಿದ್ದ ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಸಾಲಾಗಿ ತಟ್ಟಿ ಕಟ್ಟಿತ್ತು. ಪ್ರತಿ ಸಲವೂ ಹಬೀಬುಲ್ಲಾ ಬುಡದಲ್ಲೇ ಎಲ್ಲರನ್ನೂ ನಿಲ್ಲಿಸಿ ಹೇಳುತ್ತಿದ್ದ: "ನೋಡಿ, ಬೀಡಿ ಹಚ್ಬೇಡಿ, ಸೆಂಟ್ ಹಾಕ್ಕೊಂಡ್ ಬರ್ಬೇಡಿ, ಬಂಡೆ ಕೆಳಗೆ ಕೂಗಾಡ್ಬೇಡಿ. ನಾವ್ ಅವುಗಳ ತಂಟೆಗ್ ಹೋಗ್ದಿದ್ರೆ ಅವು ನಮ್ ತಂಟೆಗ್ ಬರಲ್ಲ." ಪಟಾಕಿ ಬೇಡವೆಂದು ಅವನು ಹೇಳಿರಲಿಲ್ಲ. ಮೇ ತಿಂಗಳಲ್ಲಿ ಬೆಟ್ಟಕ್ಕೆ ಪಟಾಕಿ ಹೊತ್ತುಕೊಂಡು ಬರುವವರು ಯಾರಿದ್ದಾರೆ!

ಇದ್ದರು. ಕೊನೆಯ ಭಾನುವಾರ ಹಬೀಬುಲ್ಲಾನಿಗೆ ಸನ್ಮಾನ ಮಾಡಬೇಕೆಂದು ಚಿಕ್ಕಬೈರಪ್ಪ ನಿರ್ಧರಿಸಿದ. ನೆರಳಿದ್ದದ್ದು ಬಂಡೆಯ ಕೆಳಗೆ ಮಾತ್ರ, ಅಲ್ಲೇ ಜಾಗ ಮಾಡಿದರು. ಚಿಕ್ಕಬೈರಪ್ಪನ ಹೆಂಡತಿ ಪಟಾಲಮ್ಮನ ತವರು ಬೆಟ್ಟದ ಬುಡದ ಹಳ್ಳಿಯೇ. ಅವಳು ತವರಿನಿಂದ ಕರಿ ಕಂಬಳಿ ತಂದು ಹಾಸಿದಳು. ಗೌರವ ಕೊಟ್ಟು ಕೂರಿಸುವುದೆಂದರೆ ಆ ಕಡೆ ಕಂಬಳಿಯ ಮೇಲೆಯೇ ಕೂರಿಸಬೇಕು. ಹಬೀಬುಲ್ಲಾ ನಾಚಿಕೊಂಡು ಕೂತ. ಪೇಟ ಇಟ್ಟರು, ಹಾರ ಹಾಕಿದರು. ಜನ ಚಪ್ಪಾಳೆ ತಟ್ಟುತ್ತಿದ್ದಂತೆ ಚಿಕ್ಕಬೈರಪ್ಪ ಕೈಚೀಲದಿಂದ ಕೆಂಪು ಸರ ಎಳೆದ.

"ಗೌಡ್ರೇ, ಬೇಡ! ಬೇಡ್ರೀ!" ಹಬೀಬುಲ್ಲಾ ಎದ್ದೇಬಿಟ್ಟ.

"ಬೀಡಿ ಬ್ಯಾಡ ಅಂದ್ರಿ, ಬಿಟ್ಟಿವ್ನಿ. ಇದೂ ಬ್ಯಾಡ್ವಾ? ಸುಮ್ಕೆ ಕೂತ್ಕಳಿ ಸಾಬ್ರೇ," ಎಂದು ನಗುತ್ತಾ ಚಿಕ್ಕಬೈರಪ್ಪ ಕಡ್ಡಿ ಗೀರಿದ.

ಸರ ಅರ್ಧ ಸಿಡಿಯುವಷ್ಟರಲ್ಲಿ ಬಂಡೆಯ ಹೊಟ್ಟೆ ಕಳಚಿ ಬಿದ್ದಂತಾಯಿತು. ಮೊದಲು ಸದ್ದು, ಆಮೇಲೆ ಕತ್ತಲು. ಜೇನು ಜನರ ಮುಖಕ್ಕೇ ಬಂತು. ಕಣ್ಣಿನ ರೆಪ್ಪೆ, ತುಟಿ, ಮೂಗಿನ ಹೊಳ್ಳೆ, ಕಿವಿಯೊಳಗೆ. ಹೂ ಮುಡಿದಿದ್ದ ಹೆಂಗಸರು ಜಡೆಯನ್ನೇ ಕಿತ್ತುಕೊಳ್ಳುವಂತೆ ಎಳೆದಾಡಿದರು. ಒಬ್ಬ ಮೆಟ್ಟಿಲಿನ ಕಡೆ ಓಡಿ, ಮುಗ್ಗರಿಸಿ, ಉರುಳಿ, ಬಾಯಿ ತುಂಬ ರಕ್ತ ಮಾಡಿಕೊಂಡ. ಅವನ ಬೆನ್ನು ತುಳಿದುಕೊಂಡೇ ಹಿಂದಿನವರು ಇಳಿದರು. ಕಿರುಚಲು ಬಾಯಿ ತೆರೆದವರ ನಾಲಗೆಗೂ ಕಚ್ಚಿತು. ಓಡಬಲ್ಲವರೆಲ್ಲ ಲಂಟಾನ ಪೊದೆಗಳಿಗೆ ನುಗ್ಗಿದರು, ಮಾಲಿಯ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು.

ಬಂಡೆಯ ಕೆಳಗೆ ಉಳಿದವರು ಮೂವರೇ.

ಪಟಾಲಮ್ಮ ಮೊದಲೇ ಕಂಬಳಿಯೊಳಗೆ ಸೇರಿಕೊಂಡಿದ್ದಳು. ಸೇರಿಕೊಂಡವಳು ಗಂಡನಿಗೂ ಜಾಗ ಮಾಡಿ, ಅಂಚು ಎತ್ತಿ, "ಬನ್ನಿ, ಒಳೀಕ್ ಬನ್ನಿ!" ಎಂದು ಕೂಗಿದಳು. ಚಿಕ್ಕಬೈರಪ್ಪ ಬಂದ. ಒಳಗೆ ಬರಲಿಲ್ಲ. ಅವಳ ಎದೆಗೆ ಕಾಲಿಟ್ಟು ಒದ್ದು, ಕಂಬಳಿಯನ್ನು ಪೂರ್ತಿ ಎಳೆದುಕೊಂಡು ಸುತ್ತಿಕೊಂಡ. ಅವಳು ಅಂಗಾತ ಬಿದ್ದಳು. ಬಿದ್ದವಳ ಮುಖ ಎರಡು ಉಸಿರಿಗೆ ಕಾಣದಂತಾಯಿತು. ಮುಖವಿರಬೇಕಾದ ಕಡೆ ಜೇನು ಗಿಜಿಗುಟ್ಟುತ್ತಿತ್ತು.

ಹಬೀಬುಲ್ಲಾ ತನ್ನ ಕೈಗೋಲು ಎತ್ತಿ ಚಿಕ್ಕಬೈರಪ್ಪನ ಭುಜಕ್ಕೆ ಬಾರಿಸಿದ. ಬಿಡಲಿಲ್ಲ. ಮಂಡಿಗೆ ಬಾರಿಸಿದ. ಆಗ ಬಿಟ್ಟ. ಹಬೀಬುಲ್ಲಾ ಕಂಬಳಿ ಕಿತ್ತು ಪಟಾಲಮ್ಮನ ಮೇಲೆ ಹಾಕಿ, ಅದರ ಅಂಚುಗಳ ಮೇಲೆ ತಾನೇ ಕವಿದು ಬಿದ್ದುಕೊಂಡ. ಬೆನ್ನು ಹೇಗೂ ಹೋಯಿತು, ಅದನ್ನು ಜೇನಿಗೆ ಬಿಟ್ಟುಕೊಟ್ಟ. ಚಿಕ್ಕಬೈರಪ್ಪ ಬೊಬ್ಬೆ ಹೊಡೆಯುತ್ತಾ, ತೆವಳುತ್ತಾ ಪೊದೆ ಸೇರಿದ.

ಜೇನು ಬಂಡೆಗೆ ಮರಳಿದ ಮೇಲೆ ಕೆಳಗಿನ ಹಳ್ಳಿಯವರು ಗೋಣಿಚೀಲ ಹೊದ್ದು ಬಂದು ಎಲ್ಲರನ್ನೂ ಇಳಿಸಿದರು. ಹುಣಸೆಮರದ ಕೆಳಗೆ ಮಲಗಿಸಿ, ಉಗುರಿನಿಂದ ಮುಳ್ಳು ಕೆರೆದು ತೆಗೆದು ಸುಣ್ಣ ಹಚ್ಚತೊಡಗಿದರು. ಪಟಾಲಮ್ಮನ ಕಣ್ಣು ಎರಡೂ ಊದಿ ಮುಚ್ಚಿಹೋಗಿದ್ದವು. ಅವಳ ಚಿಕ್ಕಮ್ಮ ಅಂಜನಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಆಗ ಬಂದವನು ಪಟಾಲಮ್ಮನ ತಮ್ಮ ಪಂಚಪ್ಪ. ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಹೊಡೆದು ಬೆಳೆಸಿದ ತೋಳು, ಕೈಯಲ್ಲಿ ಬಿದಿರು ದೊಣ್ಣೆ. "ಭಾವ, ಏನಾಯ್ತು? ಅಕ್ಕನ್ಗೆ ಯಾರ್ ಇಂಗ್ ಮಾಡಿದ್ದು?"

ಚಿಕ್ಕಬೈರಪ್ಪ ಊದಿದ ತುಟಿಯಲ್ಲೇ ತೊದಲಿದ. "ಅವ್ನೇ ಕಣೋ, ಆ ಸಾಬಿ. ಕಂಬಳಿಗೋಸ್ಕರ ನನ್ ಮಂಡಿ ಮುರ್ದ. ನಾನೂ ನಿಮ್ಮಕ್ಕನೂ ಸೇರಿ ಹೊದ್ಕಳಾನ ಅಂತಿದ್ದೆ, ಕಿತ್ಕಂಡ್ ಹೋದ."

ಮಂಡಿ ಊದಿದ್ದು ಎಲ್ಲರಿಗೂ ಕಾಣುತ್ತಿತ್ತು. ಅಧ್ಯಕ್ಷರ ಮಾತಿಗೆ ಎದುರಾಡುವ ಅಭ್ಯಾಸ ಬಳಗದವರಿಗೂ ಇರಲಿಲ್ಲ. ಪೊದೆಯಲ್ಲಿ ಮುಖ ಮುಚ್ಚಿಕೊಂಡಿದ್ದವರು ಏನು ತಾನೇ ನೋಡಿದ್ದರು? ಹಬೀಬುಲ್ಲಾ ಹೇಳಲು ಹೋದ, ಆದರೆ ನಾಲಗೆ ಬಾತು ಬಾಯಿ ತುಂಬಿತ್ತು. ಪಂಚಪ್ಪನ ಮೊದಲ ಏಟಿಗೆ ಅವನ ಮೊಳಕೈ ಚಟ್ಟೆಂದಿತು. ಎರಡನೆಯದು ಪಕ್ಕೆಲುಬಿಗೆ. ಕ್ವಾರಿಯ ಹುಡುಗರು ನಾಲ್ಕು ಜನ ಸುತ್ತಿಕೊಂಡು ಕಾಲಲ್ಲಿ ತುಳಿದರು. ಜೇನು ಕಚ್ಚಿ ಊದಿದ್ದ ಮೈ ಒಡೆದು ರಕ್ತ ಬಂತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಮಲ್ಕಾ ವಿಧವೆಯಾಗುತ್ತಿದ್ದಳು, ಅದರಲ್ಲಿ ಅನುಮಾನವೇ ಬೇಡ.

ಅವನ ಜೀವ ಈಗ ಪಟಾಲಮ್ಮನ ನಾಲಗೆಯ ಮೇಲಿತ್ತು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಕೂಡಲೇ ಮಾತಾಡಲಿಲ್ಲ. ಆಡಿದರೆ ನಾಳೆ ಹೋಗಿ ಒಲೆ ಹಚ್ಚಬೇಕಾದದ್ದು ಆ ಗಂಡನ ಮನೆಯಲ್ಲೇ. ಹದಿನೆಂಟು ವರ್ಷ ಅವನ ಪಟಾಕಿ, ಅವನ ಕೂಗು, ಅವನ ಕೈ ಎಲ್ಲವನ್ನೂ ಬಾಯಿ ಮುಚ್ಚಿಕೊಂಡು ಸಹಿಸಿದವಳು. ಅಷ್ಟರಲ್ಲಿ ಹಬೀಬುಲ್ಲಾ "ಅಮ್ಮೀ" ಎಂದು ನರಳಿದ ಸದ್ದು ಅವಳಿಗೆ ಕೇಳಿಸಿತು.

"ಪಂಚ," ಎಂದಳು. ದನಿ ದಪ್ಪಗಾಗಿತ್ತು. "ನಿಲ್ಸೋ. ಕಿತ್ಕಂಡಿದ್ದು ನಿಜ ಕಣೋ. ನನ್ ಮೇಲ್ ಮುಚ್ಚಾಕ್ ಕಿತ್ಕಂಡ್ರು. ಅದ್ಕೂ ಮುಂಚೆ ನಿಮ್ ಭಾವ ನನ್ ಎದೆಗ್ ಒದ್ದು ಎಳ್ಕಂಡಿದ್ರು. ಬಂದು ನೋಡು."

ಅಂಜನಮ್ಮ ಕುಪ್ಪಸದ ಅಂಚು ಸರಿಸಿದಳು. ಕತ್ತಿನ ಬುಡದಲ್ಲಿ ಚಪ್ಪಲಿಯ ಅಚ್ಚು ಕಪ್ಪಗೆ ಕೂತಿತ್ತು, ಹಿಮ್ಮಡಿಯ ಮೊಳೆಗಳ ಸಮೇತ. ಪಂಚಪ್ಪ ಬಗ್ಗಿ ನೋಡಿದ. ಆಮೇಲೆ ತಿರುಗಿ ಭಾವನ ಕಾಲಿನ ಚಪ್ಪಲಿ ನೋಡಿದ. ದೊಣ್ಣೆ ಎತ್ತಿದ.

ಅವನು ಹೊಡೆಯಲು ಶುರುಮಾಡಿದಾಗ ಬಳಗದವರು ಎದ್ದು ದೂರ ಸರಿದರು. ಮೊದಲ ಏಟು ಒದ್ದ ಕಾಲಿಗೇ ಬಿತ್ತು. ಮೂಳೆ ಮುರಿದ ಸದ್ದು ಹುಣಸೆಮರದಾಚೆಗೂ ಕೇಳಿಸಿತು. ಚಿಕ್ಕಬೈರಪ್ಪ ಮೊದಲು ಬೈದ, ಆಮೇಲೆ ಬೇಡಿಕೊಂಡ, ಕೊನೆಗೆ ಹೆಂಡತಿಯ ಹೆಸರು ಹಿಡಿದು ಕೂಗತೊಡಗಿದ. "ಪಟಾಲೂ, ಹೇಳೇ! ಬಿಡಾಕ್ ಹೇಳೇ!"

ಅವಳು ಹೇಳಿದರೆ ಪಂಚಪ್ಪ ಬಿಡುತ್ತಾನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು.

"ಸಾಕು ಅನ್ನೇ ತಾಯಿ," ಎಂದಳು ಅಂಜನಮ್ಮ. "ಸತ್ತೋಗ್ತಾನೆ."

ಪಟಾಲಮ್ಮ ನೀರು ಕೇಳಿದಳು. ಅಂಜನಮ್ಮ ಚೊಂಬು ಹಿಡಿದಳು. ಊದಿದ ತುಟಿಯಿಂದ ಅರ್ಧ ಚೆಲ್ಲಿಕೊಂಡು, ನಿಧಾನವಾಗಿ, ಚೊಂಬು ಖಾಲಿಯಾಗುವವರೆಗೂ ಕುಡಿದಳು. ಬಾಯಿ ಒರೆಸಿಕೊಂಡಳು.

ಆಮೇಲೆ "ಸಾಕು ಬಿಡೋ ಪಂಚ" ಎಂದಳು.